ಎರಡು ತಿಂಗಳ ಅಭ್ಯಾಸ, ಹದಿನಾರು ರೌಂಡ್ ಆಟ

ವ್ಯಾಲೊರಂಟ್ ಎಂಬ ಆನ್‌ಲೈನ್ ಶೂಟಿಂಗ್ ಆಟ ಆಡುವ ಐದು ಜನರ ಹವ್ಯಾಸಿ ತಂಡ ನಮ್ಮದು. ಎಲ್ಲರೂ ಗೋಲ್ಡ್ ಎಂಬ ಮಧ್ಯಮ ಮಟ್ಟದ ರ‍್ಯಾಂಕಿನ ಆಸುಪಾಸಿನವರು. ಎರಡು ತಿಂಗಳು ರಾತ್ರಿ ಕೂತು ಅಭ್ಯಾಸ ಮಾಡಿ ಮೊದಲ ಟೂರ್ನಿಗೆ ಹೋದೆವು. 13–3ರಲ್ಲಿ ಸೋತು, ಪಂದ್ಯ ಶುರುವಾದ ಅರ್ಧ ಗಂಟೆಯೊಳಗೆ ಹೊರಗೆ ಬಂದೆವು. ಟೂರ್ನಿ ಆರಿಸಿದವನು ನಾನು. ಹೊಸದಾಗಿ ತಂಡ ಕಟ್ಟುತ್ತಿರುವವರು ಹಣ ಕಟ್ಟುವ ಮುಂಚೆ ದಯವಿಟ್ಟು ಇದನ್ನು ಓದಿ.

ಪೋಸ್ಟರಿನಲ್ಲಿ ಬಹುಮಾನದ ಮೊತ್ತ ದೊಡ್ಡದಾಗಿತ್ತು, ನಾನು ನೋಡಿದ್ದು ಅದೊಂದನ್ನೇ. ಕೆಳಗೆ ಸಣ್ಣಕ್ಷರದಲ್ಲಿ ‘64 ತಂಡ, ಸಿಂಗಲ್ ಎಲಿಮಿನೇಷನ್, ಬೆಸ್ಟ್ ಆಫ್ ಒನ್’ ಎಂದಿತ್ತು. ಅಂದರೆ ಪ್ರತಿ ಪಂದ್ಯ ಒಂದೇ ಮ್ಯಾಪ್ (ಒಂದು ಪೂರ್ತಿ ಆಟ), ಒಮ್ಮೆ ಸೋತರೆ ಹೊರಗೆ. ಲೆಕ್ಕ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು: ಮೊದಲ ಸುತ್ತು ಮುಗಿದಾಗ 32 ತಂಡ ಮನೆಗೆ. ಅಂದರೆ ಬಂದವರಲ್ಲಿ ಅರ್ಧ ಜನ ಎಂಟ್ರಿ ಫೀ ಕಟ್ಟುವುದು ಒಂದೇ ಒಂದು ಮ್ಯಾಪಿಗೆ. ಡಬಲ್ ಎಲಿಮಿನೇಷನ್ ಇದ್ದರೆ ಸೋತವರಿಗೂ ಸೋತವರದೇ ಆದ ಕೆಳಗಿನ ಬ್ರ್ಯಾಕೆಟ್‌ನಲ್ಲಿ ಇನ್ನೊಂದು ಪಂದ್ಯ ಸಿಗುತ್ತದೆ. ನಾಲ್ಕು ತಂಡಗಳ ಗುಂಪು ಮಾಡಿ ರೌಂಡ್ ರಾಬಿನ್, ಅಂದರೆ ಗುಂಪಿನ ಪ್ರತಿ ತಂಡದ ಎದುರೂ ಒಂದೊಂದು ಪಂದ್ಯ, ಆಡಿಸಿದರೆ ಮೂರು ಪಂದ್ಯ ಖಚಿತ. ಕೌಂಟರ್‌ ಸ್ಟ್ರೈಕ್ ಮೇಜರ್‌ಗಳಲ್ಲಿ (ಅಂಥದೇ ಇನ್ನೊಂದು ಶೂಟಿಂಗ್ ಆಟದ ದೊಡ್ಡ ಟೂರ್ನಿಗಳು) ಕಾಣುವ ಸ್ವಿಸ್ ಪದ್ಧತಿ ನಮ್ಮಂಥವರಿಗೆ ಇನ್ನೂ ಒಳ್ಳೆಯದು ಅನ್ನಿಸುತ್ತದೆ. ಅಲ್ಲಿ ಮೂರು ಸಲ ಸೋಲುವ ತನಕ ಯಾರೂ ಹೊರಗೆ ಹೋಗುವುದಿಲ್ಲ. ಸೋತವರಿಗೆ ಸೋತವರೇ ಎದುರಾಗುವುದರಿಂದ ಎರಡು ಪಂದ್ಯ ಕಳೆಯುವಷ್ಟರಲ್ಲಿ ನಮ್ಮ ಮಟ್ಟದವರು ಸಿಗುತ್ತಾರೆ. ಹವ್ಯಾಸಿ ತಂಡಕ್ಕೆ ಬೇಕಿರುವುದು ಪಂದ್ಯಗಳು. ಕಪ್ ಗೆಲ್ಲುವುದು ಆಮೇಲಿನ ಮಾತು.

‘ಓಪನ್’ ಎಂಬ ಪದ ನೋಡಿ ಎಲ್ಲರಿಗೂ ಅವಕಾಶವಿದೆ ಎಂದು ಖುಷಿಪಟ್ಟಿದ್ದೆ. ನಮ್ಮೆದುರು ಕೂತವರಲ್ಲಿ ಮೂವರು ಇಮ್ಮಾರ್ಟಲ್, ಒಬ್ಬ ರೇಡಿಯಂಟ್; ಆಟದ ಅತಿ ಎತ್ತರದ ಎರಡು ರ‍್ಯಾಂಕ್‌ಗಳು ಇವೇ. ಅವರ ತಪ್ಪೇನಿಲ್ಲ, ನಿಯಮದಲ್ಲಿ ರ‍್ಯಾಂಕ್ ಮಿತಿಯೇ ಇರಲಿಲ್ಲ. ಮಿತಿ ಇದೆ ಎಂದರೂ ನಂಬಿ ಸುಮ್ಮನಾಗಬೇಡಿ. ಈಗಿನ ರ‍್ಯಾಂಕ್ ನೋಡುತ್ತಾರೋ, ಆ ಆಟಗಾರ ಹಿಂದೆ ಮುಟ್ಟಿದ ಅತಿ ಎತ್ತರದ ರ‍್ಯಾಂಕ್ ನೋಡುತ್ತಾರೋ ಕೇಳಿ. ತಮ್ಮ ನಿಜವಾದ ಮಟ್ಟ ಮುಚ್ಚಿಡಲು ಹೊಸ ಖಾತೆ ತೆರೆದು ಬರುವ ಸ್ಮರ್ಫ್‌ಗಳನ್ನು ಹೇಗೆ ತಡೆಯುತ್ತಾರೆ ಎಂದೂ ಕೇಳಿ. ಉತ್ತರ ತಡವರಿಸಿದರೆ ಆ ಟೂರ್ನಿ ಬೇಡ.

ಸಂಜೆ ಐದಕ್ಕೆ ಚೆಕ್‌-ಇನ್ ಆದ ನಮಗೆ ಪಂದ್ಯ ಸಿಕ್ಕಿದ್ದು ರಾತ್ರಿ ಹತ್ತೂವರೆಗೆ. ಯಾವ ಸರ್ವರ್ ಎಂದು ನಿಯಮಾವಳಿಯಲ್ಲಿ ಬರೆದಿರಲಿಲ್ಲ. ಕೊನೆಗೆ ಎದುರಾಳಿಗಳಿಗೆ ಹತ್ತಿರದ್ದೇ ಬಂತು, ನಮ್ಮ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) 130 ಮಿಲಿಸೆಕೆಂಡಿನ ಕೆಳಗೆ ಇಳಿಯಲಿಲ್ಲ. ಐದನೇ ರೌಂಡಿನಲ್ಲಿ ನಮ್ಮ ಸೆಂಟಿನಲ್ (ಕಾವಲಿನ ಪಾತ್ರ) ಆಡುವ ಹುಡುಗನ ನೆಟ್ ಹೋಯಿತು. ಪಾಜ್ (ಆಟವನ್ನು ಸ್ವಲ್ಪ ಹೊತ್ತು ನಿಲ್ಲಿಸುವುದು) ಕೇಳಿದೆವು. ಪಾಜ್ ಬಗ್ಗೆ ಒಂದು ಸಾಲೂ ಬರೆದಿಲ್ಲವಾದ್ದರಿಂದ ಅಡ್ಮಿನ್ ಏನೂ ಹೇಳಲಿಲ್ಲ, ಎದುರಾಳಿಗಳು ಕಾಯಲಿಲ್ಲ. ಮೂರು ರೌಂಡ್ ನಾಲ್ಕೇ ಜನ ಆಡಿದೆವು.

ಬಹುಮಾನದ ಕಥೆ ಆಮೇಲೆ ತಿಳಿಯಿತು. ಎರಡನೇ ಸ್ಥಾನ ಪಡೆದ ತಂಡದ ನಾಯಕ ತಿಂಗಳುಗಟ್ಟಲೆ ಹಣಕ್ಕಾಗಿ ಅಲೆದರಂತೆ. ‘ನೋಂದಾಯಿಸಿದ ತಂಡಗಳ ಸಂಖ್ಯೆಗೆ ತಕ್ಕಂತೆ ಮೊತ್ತ ಬದಲಾಗಬಹುದು’ ಎಂಬ ಸಾಲನ್ನು ತೋರಿಸಿ ಆಯೋಜಕರು ಸಾಗಹಾಕಿದರು, ಕೊನೆಗೆ ಮೆಸೇಜಿಗೆ ಉತ್ತರ ಕೊಡುವುದನ್ನೂ ಬಿಟ್ಟರು. ಹಾಗಾಗಿ ಹಿಂದಿನ ಸಲ ಗೆದ್ದ ತಂಡದವರನ್ನೇ ಹುಡುಕಿ, ಹಣ ಎಷ್ಟು ದಿನಕ್ಕೆ ಬಂತು ಎಂದು ಕೇಳಿ. ಆಯೋಜಕರ ಮಾತಿಗಿಂತ ಅವರ ಒಂದು ಸಾಲಿನ ಉತ್ತರಕ್ಕೆ ಬೆಲೆ ಹೆಚ್ಚು.

ನನಗೆ ಇವತ್ತಿಗೂ ಕೊರೆಯುವುದು ಆ ಸೆಂಟಿನಲ್ ಹುಡುಗನ ವಿಷಯ. ‘ನನ್ನಿಂದಲೇ ಸೋತಿರಿ ಕಣೋ’ ಎಂದು ಆ ರಾತ್ರಿಯೇ ತಂಡ ಬಿಟ್ಟ. ಕಳೆದ ತಿಂಗಳು ಬದಲಿ ಆಟಗಾರನೊಬ್ಬನನ್ನು ಸೇರಿಸಿಕೊಂಡು 16 ತಂಡಗಳ ಸ್ವಿಸ್ ಟೂರ್ನಿ ಆಡಿದೆವು. ರ‍್ಯಾಂಕ್ ಮಿತಿ ಇತ್ತು, ಸರ್ವರ್ ಮೊದಲೇ ಹೇಳಿದ್ದರು, ಬಹುಮಾನ ಇರಲಿಲ್ಲ. ಮೂರು ಸೋತೆವು, ಒಂದು ಗೆದ್ದೆವು. ನಾಲ್ಕೂ ಪಂದ್ಯಗಳ ರೆಕಾರ್ಡಿಂಗ್ ತಂಡ ಬಿಟ್ಟ ಆ ಹುಡುಗನಿಗೆ ಕಳಿಸಿ, ನಿನ್ನ ಜಾಗ ಹಾಗೇ ಇದೆ ಎಂದು ಬರೆದಿದ್ದೇನೆ.