ಮಂಡಿ ಎಷ್ಟು ಮಡಚುತ್ತೆ ಅಂತ ಮಾತ್ರ ನೋಡಬೇಡಿ, ಪೂರ್ತಿ ನೇರ ಆಗುತ್ತಾ ಅಂತ ಅಳೆಸಿ

ಹೋದ ವರ್ಷ ಶಟಲ್ ಆಡುವಾಗ ಎಗರಿ ಇಳಿದೆ. ಎಡ ಮಂಡಿ ತಿರುಚಿತು, ಒಳಗೆ ‘ಟಪ್’ ಅಂತ ಸದ್ದಾಯಿತು. ಎರಡು ಗಂಟೆಯೊಳಗೆ ಮಂಡಿ ಊದಿಕೊಂಡಿತು. ಎಂಆರ್‌ಐ ಮಾಡಿಸಿದರೆ ಎಸಿಎಲ್ ಲಿಗಮೆಂಟ್, ಅಂದರೆ ಮಂಡಿಯೊಳಗೆ ತೊಡೆ ಮೂಳೆಗೂ ಕೆಳಗಾಲಿನ ಮೂಳೆಗೂ ಕಟ್ಟಿದ ಹಗ್ಗದಂಥ ಪಟ್ಟಿ, ಪೂರ್ತಿ ಹರಿದಿತ್ತು. ಅದರ ಜಾಗಕ್ಕೆ ಹೊಸ ಲಿಗಮೆಂಟ್ ಕೂರಿಸುವ ಆಪರೇಷನ್ ಚೆನ್ನಾಗಿಯೇ ಆಯಿತು. ನಾನು ಪೆಟ್ಟು ತಿಂದಿದ್ದು ಆಮೇಲೆ.

ಮನೆ ಹತ್ತಿರದ ಒಂದು ಫಿಸಿಯೋ ಸೆಂಟರಿಗೆ ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಮಲಗಿಸಿ ಮಂಡಿ ಮಡಚಿಸುತ್ತಿದ್ದರು. ಕಣ್ಣಳತೆಯಲ್ಲೇ ನೋಡಿ, “90 ಡಿಗ್ರಿ ಬಂತು ಮೇಡಂ” ಅನ್ನುತ್ತಿದ್ದರು. ಎರಡು ವಾರ ಬಿಟ್ಟು 110. ಫೈಲಿನಲ್ಲಿ ಆ ಒಂದೇ ಅಂಕಿ ಬರೆಯುತ್ತಿದ್ದರು. ನನಗೂ ಖುಷಿ. ನೋಡೋಕೆ ಬಂದವರೆಲ್ಲ ಕೇಳುತ್ತಿದ್ದುದು “ಕೆಳಗೆ ಕೂರೋಕೆ ಆಗುತ್ತಾ?” ಅಂತ ತಾನೇ? ಕಾಲು ನೇರ ಆಗುತ್ತಾ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ರಾತ್ರಿ ನೋವು ಜಾಸ್ತಿ ಆದಾಗ ಅಮ್ಮ ಮಂಡಿ ಕೆಳಗೆ ದಿಂಬು ಇಡುತ್ತಿದ್ದರು. ಹಾಯ್ ಅನಿಸುತ್ತಿತ್ತು. ಅದು ಮಾಡಬಾರದ ಕೆಲಸ ಅಂತ ನಮಗೆ ಯಾರೂ ಹೇಳಿರಲಿಲ್ಲ. ದಿಂಬಿನ ಮೇಲೆ ಮಂಡಿ ಸ್ವಲ್ಪ ಬಾಗಿಯೇ ಇರುತ್ತೆ. ರಾತ್ರಿಯಿಡೀ, ವಾರಗಟ್ಟಲೆ ಹಾಗೇ ಇದ್ದರೆ ಆ ಬಾಗು ಅಲ್ಲೇ ನಿಂತುಬಿಡುತ್ತೆ. ದಿಂಬೋ ಟವೆಲ್ ಸುರುಳಿಯೋ ಇಡಬೇಕಾದದ್ದು ಹಿಮ್ಮಡಿ ಕೆಳಗೆ. ಆಗ ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿದು ನೇರ ಆಗುತ್ತೆ.

ಮೂರು ತಿಂಗಳಾದರೂ ಕುಂಟು ಹೋಗಲಿಲ್ಲ. ಎಡ ತೊಡೆ ಸಣ್ಣಗಾಗಿತ್ತು. ನಿಂತರೆ ಮಂಡಿ ಮುಂದೆ ನೋಯುತ್ತಿತ್ತು. “ಟೈಮ್ ಬೇಕು, ಸರಿ ಹೋಗುತ್ತೆ” ಅನ್ನುವ ಉತ್ತರ ಕೇಳಿ ಕೇಳಿ ಸಾಕಾಗಿ ಬೇರೆ ಕಡೆ ತೋರಿಸಿದೆ.

ಅಲ್ಲಿನ ಫಿಸಿಯೋ ಮೊದಲು ಮಾಡಿದ್ದು ಅಳತೆ. ಗೋನಿಯೋಮೀಟರ್ ಅಂತ ಇದೆ. ಶಾಲೆಯ ಕೋನಮಾಪಕಕ್ಕೆ ಎರಡು ಉದ್ದ ಪಟ್ಟಿ ಜೋಡಿಸಿದ ಹಾಗಿರುತ್ತೆ. ಅದರ ನಡುವನ್ನು ಮಂಡಿಯ ಹೊರಬದಿಯ ಮೂಳೆಯ ಮೇಲೆ ಇಟ್ಟರು. ಒಂದು ಪಟ್ಟಿ ಸೊಂಟದ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯ ಕಡೆಗೆ, ಇನ್ನೊಂದು ಪಾದದ ಗಂಟಿನ ಹೊರಗಿನ ಮೂಳೆಯ ಕಡೆಗೆ. ಬಲಗಾಲು 0ಗೆ, ಅಂದರೆ ಪೂರ್ತಿ ನೇರಕ್ಕೆ ಬಂತು. ಎಡಗಾಲು ನೇರ ಆಗಲು ಇನ್ನೂ 12 ಡಿಗ್ರಿ ಬಾಕಿ. ಎರಡು ನಿಮಿಷದ ಕೆಲಸ. ಮೂರು ತಿಂಗಳು ಯಾರೂ ಮಾಡಿರಲಿಲ್ಲ.

ಮತ್ತೆ ಎಂಆರ್‌ಐ. ಹೊಸ ಲಿಗಮೆಂಟಿನ ಮುಂದೆ ಗಾಯದ ಗಂಟು ಬೆಳೆದು, ಬಾಗಿಲಿಗೆ ಕಲ್ಲು ಅಡ್ಡ ಸಿಕ್ಕ ಹಾಗೆ ಮಂಡಿಯನ್ನು ತಡೆಯುತ್ತಿತ್ತು. ಡಾಕ್ಟರು ಇದಕ್ಕೆ ಸೈಕ್ಲೋಪ್ಸ್ ಅನ್ನುತ್ತಾರೆ. ಎಷ್ಟೇ ವ್ಯಾಯಾಮ ಮಾಡಿದರೂ ಕಾಲು ನೇರ ಆಗದೆ ಎರಡನೇ ಆಪರೇಷನ್ ಮಾಡಿಸಬೇಕಾಯಿತು. ಮೊದಲೇ ಅಳೆದಿದ್ದರೆ ಆ ಗಂಟು ಬರುತ್ತಲೇ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಮೂರು ತಿಂಗಳು ಕತ್ತಲಲ್ಲಿ ಇರುತ್ತಿರಲಿಲ್ಲ.

ದಯವಿಟ್ಟು ಪ್ರತಿ ಸಲ ಎರಡು ಅಂಕಿ ಕೇಳಿ, ಮಡಚಿದ್ದು ಎಷ್ಟು, ನೇರ ಆಗಿದ್ದು ಎಷ್ಟು. ಎರಡೂ ಕಾಲು ಅಳೆಸಿ. ಕೆಲವರಿಗೆ ಮಂಡಿ 0 ದಾಟಿ ಸ್ವಲ್ಪ ಹಿಂದಕ್ಕೂ ಹೋಗುತ್ತೆ, ಆದ್ದರಿಂದ ನಿಮ್ಮ ಗುರಿ ನಿಮ್ಮ ಚೆನ್ನಾಗಿರುವ ಕಾಲೇ. ಸಾಧ್ಯವಾದರೆ ಒಬ್ಬರೇ, ಒಂದೇ ಭಂಗಿಯಲ್ಲಿ ಅಳೆಯಲಿ. ಕೈ ಬದಲಾದರೆ ಐದು ಡಿಗ್ರಿ ಆಚೀಚೆ ಆಗುವುದು ಸಾಮಾನ್ಯ. ಫೈಲಿನಲ್ಲಿ ಸುಮ್ನೆ ‘-10’ ಅಂತ ಬರೆದರೆ ಬಿಡಬೇಡಿ. ಒಬ್ಬರು ಅದನ್ನು ‘10 ಬಾಕಿ’ ಅಂತ ಓದುತ್ತಾರೆ, ಇನ್ನೊಬ್ಬರು ‘10 ಹಿಂದಕ್ಕೆ ಹೋಗುತ್ತೆ’ ಅಂತ. ಮಾತಿನಲ್ಲೇ ಬರೆಸಿ.

ಆಪರೇಷನ್ ಇನ್ನೂ ಆಗಿಲ್ಲ ಅಂದರೂ ಇದನ್ನು ಕೇಳಿ. ಊತ ಇಳಿಯದೆ, ಕಾಲು ನೇರ ಆಗದೆ ಆಪರೇಷನ್ ಮಾಡಿದರೆ ಮಂಡಿ ಬಿಗಿಯುವ ಅಪಾಯ ಜಾಸ್ತಿ.

ಮನೆಯಲ್ಲೂ ಒಂದು ಅಂದಾಜು ಸಿಗುತ್ತೆ. ಡಾಕ್ಟರ್ ಒಪ್ಪಿದ ಮೇಲೆ ಮಂಚದ ಮೇಲೆ ಬೋರಲು ಮಲಗಿ. ಮಂಡಿಯಿಂದ ಕೆಳಗಿನ ಕಾಲು ಮಂಚದ ಅಂಚಿನಿಂದ ಹೊರಗಿರಲಿ. ಹಿಂದಿನಿಂದ ಯಾರಾದರೂ ಎರಡು ಹಿಮ್ಮಡಿಗಳ ಎತ್ತರ ನೋಡಲಿ. ಒಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ. ನನ್ನದು ಈಗ ಒಂದೂವರೆ ಸೆಂಟಿಮೀಟರ್ ಇದೆ. ಪ್ರತಿ ಭಾನುವಾರ ಅಮ್ಮನೇ ಸ್ಕೇಲ್ ಹಿಡಿದು ಅಳೆಯುತ್ತಾರೆ.