ಕಳೆ ಮಿಷನ್ನಿನ ಎಕ್ಸಲೇಟರ್ ವೈರ್: ಕಂಪೆನಿಯದ್ದೋ, ಲೋಕಲ್ಲೋ, ಸೈಕಲ್ಲಿನದ್ದೋ?

ಒಂದೇ ತಿಂಗಳಲ್ಲಿ ಮೂರನ್ನೂ ಹಾಕಿ ನೋಡಿದೆ. ಕಂಪೆನಿ ವೈರೇ ಸರಿ. ಯಾಕೆ ಅಂತ ಹೇಳುತ್ತೇನೆ.

ಕೊಡಗಿನ ನಾಪೋಕ್ಲು ಕಡೆ ನಮ್ಮದು ನಾಲ್ಕು ಎಕರೆ ರೋಬಸ್ಟಾ ಕಾಫಿ, ಅರ್ಧ ತೋಟ ಇಳಿಜಾರು. ಅದಕ್ಕೇ ಬೆನ್ನಿಗೆ ಹಾಕಿಕೊಳ್ಳುವ ಕಳೆ ಮಿಷನ್ ಇಟ್ಟುಕೊಂಡಿದ್ದೇವೆ. ಕಳೆದ ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಟ್ಟಿತು ಅಂತ ಕೆಲಸ ಶುರು ಮಾಡಿದ ಎರಡನೇ ದಿನವೇ ವೈರ್ ತುಂಡಾಯಿತು, ಹ್ಯಾಂಡಲ್ ಹತ್ತಿರ, ತುದಿಯ ಗುಂಡಿನ ಬುಡದಲ್ಲಿ. ಬೆಳಕಿಗೆ ಹಿಡಿದು ನೋಡಿದರೆ ಎಳೆಗಳ ತುದಿ ಹೆಚ್ಚಿನವು ತುಕ್ಕು ಹಿಡಿದು ಕಂದಾಗಿದ್ದವು, ಎರಡು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ಆ ದಿನ ಹರಿದದ್ದು ಆ ಎರಡೇ. ಉಳಿದವು ಒಂದೊಂದಾಗಿ ಯಾವತ್ತೋ ಹೋಗಿದ್ದವು. ಶುರುವಿನಿಂದಲೇ ಟ್ರಿಗರ್ ಬಿಗಿ ಅನ್ನಿಸುತ್ತಿದ್ದದ್ದು ಅದಕ್ಕೇ.

ವೈರ್ ತುಂಡಾದರೆ ಕೆಲಸ ನಿಲ್ಲುತ್ತದೆ, ಅಷ್ಟೇ. ಕಾರ್ಬೊರೇಟರಿನ ಸ್ಪ್ರಿಂಗ್ ಎಳೆದು ಇಂಜಿನ್ ಐಡ್ಲಿಂಗಿಗೆ, ಅಂದರೆ ತೀರ ಕಡಿಮೆ ವೇಗಕ್ಕೆ ಬರುತ್ತದೆ, ಕ್ಲಚ್ ಬಿಡುತ್ತದೆ, ಬ್ಲೇಡ್ ನಿಲ್ಲುತ್ತದೆ. ನಿಜವಾದ ಅಪಾಯ ವೈರ್ ಎಳೆದುಕೊಂಡೇ ಸಿಕ್ಕಿಕೊಂಡಾಗ. ಅದನ್ನು ನನಗೆ ತೋರಿಸಿದ್ದು ಲೋಕಲ್ ವೈರ್.

ತೊಂಬತ್ತು ರೂಪಾಯಿ, ಅಂಗಡಿಯಲ್ಲಿ ಕೈಗೆ ಸಿಕ್ಕಿತು. ಒಳಗಿನ ವೈರ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಔಟರಿನಲ್ಲಿ, ಅಂದರೆ ವೈರ್ ಓಡುವ ಹೊರಗಿನ ಕವಚದಲ್ಲಿ. ಅದರ ತುದಿಯ ಲೋಹದ ಟೋಪಿ ಕೂದಲೆಳೆಯಷ್ಟು ಹೆಚ್ಚು ದಪ್ಪ, ವೈರಿನ ಬಿಗಿ ಸರಿಮಾಡುವ ಅಡ್ಜಸ್ಟರಿನ ಗುಳಿಯಲ್ಲಿ ಪೂರ್ತಿ ಕೂರುವುದಿಲ್ಲ. ಮನೆಯಂಗಳದಲ್ಲಿ ಸ್ಟಾರ್ಟ್ ಮಾಡಿ ನೋಡಿದಾಗ ಏನೂ ಗೊತ್ತಾಗಲಿಲ್ಲ. ಬೆನ್ನಿನ ಮಿಷನ್ನಿನಲ್ಲಿ ಕೈ ಬೀಸಿದಾಗಲೆಲ್ಲ ವೈರ್ ಬಾಗುತ್ತದೆ. ಹಾಗೆ ಬಾಗಿ ಬಾಗಿ ಟೋಪಿ ಗುಳಿಯಿಂದ ಜಾರಿ ಅಂಚಿನ ಮೇಲೆ ಹತ್ತಿ ಕೂತಿತು. ಔಟರ್ ಹಿಂದೆ ಸರಿದರೆ ಒಳವೈರ್ ಎಳೆದ ಹಾಗೆಯೇ. ಟ್ರಿಗರ್ ಬಿಟ್ಟರೂ ಇಂಜಿನ್ ಇಳಿಯುವುದಿಲ್ಲ.

"ಅಣ್ಣಾ, ಬಿಟ್ರೂ ತಿರುಗ್ತಾನೇ ಇದೆ!" ಅಂತ ಕೆಳಗಿನ ಸಾಲಿನಿಂದ ಹುಡುಗ ಕೂಗಿದ. ನಾನು ಓಡಿ ಹೋಗುವಷ್ಟರಲ್ಲಿ ಅವನೇ ಸ್ವಿಚ್ ಆಫ್ ಮಾಡಿದ್ದ. ಒದ್ದೆ ಇಳಿಜಾರು, ಪಕ್ಕದಲ್ಲೇ ಇನ್ನೊಬ್ಬ ಕಾಫಿ ಗಿಡದ ಬುಡ ಬಿಡಿಸುತ್ತಿದ್ದ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಟೋಪಿಯನ್ನು ಅರದಿಂದ ಉಜ್ಜಿ ಕೂರಿಸಿದೆ. ಮಾರನೇ ದಿನ ಮಧ್ಯಾಹ್ನ ಮತ್ತೆ ಅದೇ ಕತೆ. ಕಿತ್ತು ಬಿಸಾಡಿದೆ.

ಸೈಕಲ್ ವೈರಿನಲ್ಲಿ ಬ್ರೇಕಿನದ್ದು ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ, ನಮ್ಮ ಹಳೇ ಔಟರಿನೊಳಗೆ ಓಡಲಿಲ್ಲ. ಗೇರಿನದ್ದು ತೆಳು, ಹಿಡಿಯಿತು. ತುದಿಗೆ ಸ್ಕ್ರೂ ಇರುವ ಗುಂಡು ಹಾಕಿ ಬಿಗಿ ಮಾಡಬೇಕು, ಆ ಸ್ಕ್ರೂವೇ ಎಳೆಗಳನ್ನು ಕಡಿಯುತ್ತದೆ. ಒಂದೂವರೆ ದಿನ ಬಂತು.

ಕಂಪೆನಿಯದ್ದನ್ನು ಕುಶಾಲನಗರದಿಂದ ತರಿಸಿದೆ, ನಾನ್ನೂರ ಇಪ್ಪತ್ತು ರೂಪಾಯಿ, ನಾಲ್ಕು ದಿನ ಕಾಯಬೇಕಾಯಿತು. ಟೋಪಿ ಗುಳಿಯಲ್ಲಿ ಟಕ್ ಅಂತ ಕೂತಿತು. ಕೊಯ್ಲಿಗೆ ಮುಂಚೆ ಇನ್ನೊಂದು ಸಲ ಕಳೆ ಹೊಡೆಸಿದ್ದೂ ಅದರಲ್ಲೇ. ಔಟರಿನ ಒಳಗೆ ಪ್ಲಾಸ್ಟಿಕ್ ಕೊಳವೆ ಇರುವುದರಿಂದ ಗ್ರೀಸ್ ತುಂಬಲು ಹೋಗಬೇಡಿ, ದೂಳು ಸೇರಿ ಅಂಟಾಗುತ್ತದೆ.

ಯಾವುದೇ ವೈರ್ ಹಾಕಿ, ಟ್ರಿಗರಿನಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಇರಲಿ. ಬ್ಲೇಡ್ ನೆಲದಿಂದ ಮೇಲೆತ್ತಿ, ಇಂಜಿನ್ ಐಡ್ಲಿಂಗಿನಲ್ಲಿಟ್ಟು, ಕೆಲಸದಲ್ಲಿ ಬೀಸುವ ಹಾಗೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಶಬ್ದ ಏರಿದರೆ ತೋಟಕ್ಕೆ ಇಳಿಸಬೇಡಿ.

ಮಿಷನ್ ಹೊಡೆಯುವವರ ಒಂದು ದಿನದ ಕೂಲಿ ನಮ್ಮಲ್ಲಿ ಎರಡು ಕಂಪೆನಿ ವೈರಿಗಿಂತ ಹೆಚ್ಚು. ಹಾಗಾಗಿ ಎರಡು ತರಿಸಿದೆ. ಎರಡನೆಯದು ಪ್ಲಾಸ್ಟಿಕ್ ಕವರಿನಲ್ಲಿ ಪ್ಲಗ್ ಸ್ಪ್ಯಾನರಿನ ಜೊತೆಗಿದೆ, ತುರ್ತಿಗಿರಲಿ ಅಂತ ಸೈಕಲ್ ಗೇರಿನ ವೈರೂ ಅಲ್ಲೇ ಇದೆ. ಲೋಕಲ್ಲಿನದ್ದು ಪುಕ್ಕಟೆ ಕೊಟ್ಟರೂ ಬೇಡ.