ಸೆನ್ಸರ್ ನಲ್ಲಿ: ನಮ್ಮ ಅಡುಗೆಮನೆಯಲ್ಲಿ ಎರಡೂವರೆ ವರ್ಷ

ನಮ್ಮ ಮನೆಯಲ್ಲಿ ಈ ನಲ್ಲಿ ಇವತ್ತಿಗೂ ಇರುವುದು ನಮ್ಮ ಅತ್ತೆಗೋಸ್ಕರ. ಅವರಿಗೆ ಬೆರಳಿನ ಗಂಟುಗಳಲ್ಲಿ ಸಂಧಿವಾತ. ಬೆಳಿಗ್ಗೆ ಎದ್ದು ಒಂದು ಗಂಟೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಹಳೇ ನಲ್ಲಿ ತಿರುಗಿಸಲು ಎರಡೂ ಕೈ ಬೇಕಿತ್ತು. ಬಿಗಿಯಾಗಿ ನಿಲ್ಲಿಸಲು ಆಗದೆ ಅದು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಅದಕ್ಕೇ ₹14,000 ಕೊಟ್ಟು ಸೆನ್ಸರ್ ನಲ್ಲಿ ಹಾಕಿಸಿದೆವು. ಈಗ ಅತ್ತೆ ಕೈ ಒಡ್ಡಿದರೆ ಸಾಕು, ನೀರು ಬರುತ್ತದೆ. ಅಕ್ಕಿ ತಾವೇ ತೊಳೆದುಕೊಳ್ಳುತ್ತಾರೆ, ಯಾರನ್ನೂ ಕರೆಯುವುದಿಲ್ಲ.

ನಮ್ಮದಕ್ಕೆ ಎರಡು ಕಣ್ಣು, ಅಂದರೆ ಎರಡು ಸೆನ್ಸರ್. ಬಾಯಿಯ ಕೆಳಗಿನ ಕಣ್ಣಿಗೆ ಕೈ ಕಂಡರೆ ನೀರು ಬರುತ್ತದೆ, ತೆಗೆದರೆ ನಿಲ್ಲುತ್ತದೆ. ಪಕ್ಕದ ಕಣ್ಣಿನ ಮುಂದೆ ಒಮ್ಮೆ ಕೈ ಆಡಿಸಿದರೆ ಮತ್ತೆ ಆಡಿಸುವವರೆಗೂ ಬರುತ್ತಿರುತ್ತದೆ. ಪಾತ್ರೆ ತುಂಬಿಸಲು ಅದು ಬೇಕು. ಮುದ್ದೆ ಕಟ್ಟಿದ ಕೈ, ಚಪಾತಿ ಹಿಟ್ಟು ಮೆತ್ತಿದ ಕೈ, ಮೀನು ತೊಳೆದ ಕೈ ಯಾವುದೂ ನಲ್ಲಿಗೆ ತಾಗುವುದಿಲ್ಲ. ಇದರ ಸುಖ ಬಳಸಿದವರಿಗೇ ಗೊತ್ತು.

ಇನ್ನು ಸೆನ್ಸರ್‌ನ ಕಾಟಕ್ಕೆ ಬರೋಣ. ಇದು ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಟ್ಟು, ವಾಪಸ್ ಬಂದ ಬೆಳಕನ್ನು ನೋಡಿ ಎದುರಿಗೆ ಏನೋ ಇದೆ ಅಂದುಕೊಳ್ಳುತ್ತದೆ. ನಮ್ಮ ಸಿಂಕ್ ಪಡುವಣ ಕಿಟಕಿಯ ಕೆಳಗಿದೆ. ಸಂಜೆ ನಾಲ್ಕರ ಬಿಸಿಲು ತೊಳೆದಿಟ್ಟ ಸ್ಟೀಲ್ ತಟ್ಟೆಗಳಿಗೆ ಬಡಿದು ನಲ್ಲಿಯ ಕಣ್ಣಿಗೆ ಬೀಳುತ್ತಿತ್ತು. ಮುಂದೆ ಯಾರೂ ಇಲ್ಲದಿದ್ದರೂ ನೀರು ಸುರಿಯುತ್ತಿತ್ತು. ತಟ್ಟೆ ಸ್ಟ್ಯಾಂಡನ್ನು ಆಚೆ ಪಕ್ಕಕ್ಕೆ ಸರಿಸಿ, ಕಿಟಕಿಗೆ ಪರದೆ ಹಾಕಿದ ಮೇಲೆ ನಿಂತಿತು. ದೋಸೆ ಕಾವಲಿಯದ್ದು ಇದಕ್ಕೆ ತದ್ವಿರುದ್ಧ. ಕರಿ ಬಣ್ಣ ಆ ಬೆಳಕನ್ನು ನುಂಗಿಬಿಡುತ್ತದೆ, ಹಾಗಾಗಿ ಕಾವಲಿ ಹಿಡಿದರೆ ನಲ್ಲಿಗೆ ಕಾಣುವುದೇ ಇಲ್ಲ. ಜೊತೆಗೆ ಬೆರಳೊಂದನ್ನು ಚಾಚಬೇಕು. ಕೈಬಟ್ಟೆಯನ್ನು ನಲ್ಲಿಯ ಕತ್ತಿಗೆ ನೇತುಹಾಕುವ ಅಭ್ಯಾಸವನ್ನಂತೂ ಮನೆಯವರೆಲ್ಲ ಬಿಡಬೇಕಾಯಿತು. ಒಂದು ಮಧ್ಯಾಹ್ನ ಬಟ್ಟೆಯ ತುದಿ ಗಾಳಿಗೆ ಅಲ್ಲಾಡುತ್ತಾ ಎಷ್ಟು ಹೊತ್ತು ನೀರು ಬಿಡಿಸಿತೋ, ಪಾತ್ರೆ ತೊಳೆಯಲು ಬಂದ ಅಕ್ಕ ನೋಡಿ ಹೇಳಿದರು.

ಆದರೆ ನನ್ನ ಅನುಭವದಲ್ಲಿ ಸೆನ್ಸರ್‌ಗಿಂತ ದೊಡ್ಡ ತಲೆನೋವು ನಮ್ಮ ನೀರೇ. ಬೆಂಗಳೂರಿನ ಎಷ್ಟೋ ಮನೆಗಳಂತೆ ನಮ್ಮ ಸಂಪಿನಲ್ಲೂ ಕಾವೇರಿ ಮತ್ತು ಬೋರ್‌ವೆಲ್ ನೀರು ಬೆರೆಯುತ್ತವೆ. ಕುಡಿಯುವ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಥ ಲವಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಆಗಬಹುದು ಅನ್ನುತ್ತದೆ ಭಾರತೀಯ ಮಾನಕ. ನಮ್ಮದು 480 ಬಂತು. ಹದಿನಾಲ್ಕನೇ ತಿಂಗಳಿಗೆ ಒಂದು ರಾತ್ರಿ ನೀರು ನಿಲ್ಲಲೇ ಇಲ್ಲ. ಸಿಂಕ್ ಕೆಳಗಿನ ಆಂಗಲ್ ಕಾಕ್ ತಿರುಗಿಸಿ ನಿಲ್ಲಿಸಿದೆ. ಸರ್ವೀಸ್‌ನವರು ಬಂದು, ಬಿಚ್ಚಿ ನೋಡದೆಯೇ ಎಲೆಕ್ಟ್ರಾನಿಕ್ ಬೋರ್ಡ್ ಬದಲಿಸಬೇಕು, ₹3,800 ಆಗುತ್ತದೆ ಅಂದರು. ನನಗೆ ನಿಜವಾಗಲೂ ಬೇಜಾರಾಯಿತು. ನಮ್ಮ ಬೀದಿಯ ಪ್ಲಂಬರ್ ಬಂದು, ಸೆನ್ಸರ್ ಹೇಳಿದಂತೆ ನೀರು ಬಿಟ್ಟು ನಿಲ್ಲಿಸುವ ಸೋಲೆನಾಯ್ಡ್ ವಾಲ್ವ್ ಬಿಚ್ಚಿದರು. ಒಳಗೆ ಒಂದು ರಬ್ಬರ್ ಬಿಲ್ಲೆ, ಅದರಲ್ಲಿ ಸೂಜಿ ಮೊನೆಯಷ್ಟು ತೂತು. ಆ ತೂತಿನಿಂದ ಬಿಲ್ಲೆಯ ಹಿಂದಕ್ಕೆ ನೀರು ಹೋದರೆ ಮಾತ್ರ ಒತ್ತಡ ಬಿದ್ದು ವಾಲ್ವ್ ಮುಚ್ಚುತ್ತದೆ. ಅಲ್ಲಿ ಸುಣ್ಣದ ಬಿಳಿ ಕಾಳು ಸಿಕ್ಕಿಕೊಂಡಿತ್ತು. ಪಕ್ಕದ ಸಣ್ಣ ಜಾಲರಿಯಲ್ಲೂ ಅದೇ. ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೇ ಬ್ರಷ್‌ನಲ್ಲಿ ಉಜ್ಜಿ ಕೂರಿಸಿದರು. ಸರಿಹೋಯಿತು. ಈಗ ಮೂರು ತಿಂಗಳಿಗೊಮ್ಮೆ ಜಾಲರಿ ನಾನೇ ತೊಳೆಯುತ್ತೇನೆ.

ಸೆಲ್‌ಗಳು ನಾಲ್ಕು, ಏಳೆಂಟು ತಿಂಗಳು ಬರುತ್ತವೆ. ಕರೆಂಟ್ ಹೋದರೂ ತೊಂದರೆ ಇಲ್ಲ.

ನೀರು ಉಳಿಯುತ್ತೆ ಅಂತ ಅಂಗಡಿಯವರು ಜೋರಾಗಿ ಹೇಳುತ್ತಾರೆ. ನಮ್ಮ ಬಿಲ್‌ನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಅಂತ ಕೊಳ್ಳುವುದಾದರೆ ಬೇಡ, ನಲ್ಲಿಯ ಬಾಯಿಗೆ ಹಾಕುವ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಸಾಕು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಇದ್ದಾಗ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್‌ಗಳಿಗೆ ಕಡ್ಡಾಯ ಮಾಡಿದ್ದೂ ಅದನ್ನೇ ಅಲ್ವಾ.

ಕೊಳ್ಳುವ ಮುಂಚೆ ಎರಡು ವಿಷಯ ನೋಡಿ. ಪಕ್ಕದಲ್ಲಿ ಕೈಯಿಂದ ಬಿಡುವ ಹಿಡಿಕೆ ಇರಲೇಬೇಕು. ಸೆಲ್ ಮುಗಿದ ದಿನ ನಮ್ಮನ್ನು ಕಾಪಾಡಿದ್ದು ಅದೇ. ಎರಡನೆಯದು ನೀರಿನ ಒತ್ತಡ. ಟ್ಯಾಂಕ್‌ನ ನೀರು ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ನಮ್ಮ ನಲ್ಲಿಗೆ ಕನಿಷ್ಠ ಅರ್ಧ ಬಾರ್ ಬೇಕು. ನಾವು ನೆಲಮಹಡಿಯಲ್ಲಿದ್ದೇವೆ, ಟ್ಯಾಂಕ್ ಮೂರನೇ ಮಹಡಿಯ ಮೇಲೆ. ಹಾಗಾಗಿ ಸಲೀಸು. ಶಿವಮೊಗ್ಗದಲ್ಲಿ ಅಮ್ಮನಿಗೂ ಒಂದು ಹಾಕಿಸೋಣ ಅಂತ ಆಸೆಯಿತ್ತು. ಅಲ್ಲಿ ಟ್ಯಾಂಕ್ ಅಡುಗೆಮನೆಯ ತಾರಸಿಯ ಮೇಲೇ ಇದೆ, ಎರಡೂವರೆ ಮೀಟರ್ ಎತ್ತರವೂ ಬರುವುದಿಲ್ಲ. ಅವರಿಗೆ ಉದ್ದ ಹಿಡಿಕೆಯ, ಕಾಲು ಸುತ್ತು ತಿರುಗಿಸಿದರೆ ನೀರು ಬರುವ ಮಾಮೂಲಿ ನಲ್ಲಿ ಹಾಕಿಸಿದೆ. ಮೊಣಕೈಯಿಂದಲೇ ತಳ್ಳುತ್ತಾರೆ.